ಸೇನಾ ವಾಹನವನ್ನು ಹಡಗಿಗೆ ಸಿದ್ಧಪಡಿಸುವುದು ಹೇಗೆ

ಅಮೆರಿಕದ ಸೇನಾ ತುಕಡಿಯೊಂದು ಸಾಗರದಾಚೆ ಹೊರಟರೆ ಸೈನಿಕರು ಸಾಮಾನ್ಯವಾಗಿ ವಿಮಾನ ಹತ್ತುತ್ತಾರೆ. ಟ್ಯಾಂಕು, ಟ್ರಕ್ಕು, ಜನರೇಟರುಗಳಲ್ಲಿ ಬಹುಪಾಲು ಹಡಗಿನಲ್ಲಿ ಹೋಗುತ್ತವೆ. ಸಾಗಣೆಯ ಒಟ್ಟು ಹೊಣೆ ಇಲಿನಾಯ್‌ನ ಸ್ಕಾಟ್ ವಾಯುನೆಲೆಯಲ್ಲಿರುವ, ಮೂರೂ ಪಡೆಗಳ ಸಾಗಣೆ ನೋಡುವ ಕಮಾಂಡ್ ಆದ ಟ್ರಾನ್ಸ್‌ಕಾಮ್‌ನದು. ಅದರಡಿ ಬಂದರಿನ ಕೆಲಸ ನೋಡಿಕೊಳ್ಳುವುದು ಭೂಸೇನೆಯ ಸಾಗಣೆ ಕಮಾಂಡ್ (ಹಿಂದಿನ ಹೆಸರು ಎಸ್‌ಡಿಡಿಸಿ). ಹಡಗು ಒದಗಿಸುವುದು ನೌಕಾಪಡೆಯ ಮಿಲಿಟರಿ ಸೀಲಿಫ್ಟ್ ಕಮಾಂಡ್. ವಾಹನಗಳು ಟೆಕ್ಸಾಸ್‌ನ ಬ್ಯೂಮಾಂಟ್‌ನಂಥ ವಾಣಿಜ್ಯ ಬಂದರುಗಳಿಂದಲೇ ಹೊರಡುತ್ತವೆ. ಮದ್ದುಗುಂಡಿನ ಹಾದಿ ಬೇರೆ: ನಾರ್ತ್ ಕೆರೊಲಿನಾದ ಸನ್ನಿ ಪಾಯಿಂಟ್, ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್. ಈ ಎರಡನೆಯ ಜಾಗದಲ್ಲೇ, ಅದಿನ್ನೂ ಪೋರ್ಟ್ ಷಿಕಾಗೋ ಆಗಿದ್ದಾಗ, 1944ರ ಜುಲೈ 17ರಂದು ಹಡಗಿಗೆ ತುಂಬುತ್ತಿದ್ದ ಮದ್ದು ಸಿಡಿದು 320 ಮಂದಿ ಸತ್ತರು. ಹಾಗಾಗಿ ವಾಹನದೊಳಗೆ ಒಂದು ಗುಂಡು ಉಳಿದಿದ್ದರೂ ಬಂದರಿನವರು ಸಡಿಲ ಬಿಡುವುದಿಲ್ಲ.

ಕೆಲಸ ಶುರುವಾಗುವುದು ಪಟ್ಟಿಯಿಂದ. ಪ್ರತಿ ವಾಹನದ ಉದ್ದ, ಅಗಲ, ಎತ್ತರ, ತೂಕ ತುಕಡಿಯ ಸಾಗಣೆ ಪಟ್ಟಿಯಲ್ಲಿ ಇರಬೇಕು. ಹಡಗಿನ ಯಾವ ಡೆಕ್ಕಿನಲ್ಲಿ (ಅಂತಸ್ತಿನಲ್ಲಿ) ಯಾವ ಗಾಡಿ ನಿಲ್ಲಬೇಕೆಂಬ ನಕ್ಷೆಯನ್ನು ಬಂದರಿನವರು ಇದೇ ಅಂಕಿಗಳ ಮೇಲೆ ಮಾಡುತ್ತಾರೆ. ಕೈಪಿಡಿಯಲ್ಲಿರುವ ಖಾಲಿ ಗಾಡಿಯ ತೂಕವನ್ನು ಹಾಗೇ ನಕಲು ಮಾಡುವುದು ಎಲ್ಲರೂ ಮಾಡುವ ತಪ್ಪು. ಹಿಂದೆ ಡೇರೆ, ಪೆಟ್ಟಿಗೆ, ಬಿಡಿ ಚಕ್ರ ಹೇರಿದ ಮೇಲೆ ತೂಕವೂ ಎತ್ತರವೂ ಬದಲಾಗಿರುತ್ತವೆ. ಹೇರಿ, ಹಗ್ಗ ಬಿಗಿದು, ಆಂಟೆನಾ ಇಳಿಸಿ, ಕನ್ನಡಿ ಮಡಚಿ, ಆಮೇಲೆ ಅಳೆಯಿರಿ. ಹತ್ತು ಸೆಂಟಿಮೀಟರ್ ಎತ್ತರ ತಪ್ಪಿದರೂ ಗಾಡಿ ಆ ಡೆಕ್ಕಿಗೆ ಹೋಗದೆ ಇಡೀ ಸಾಲು ನಿಂತುಬಿಡಬಹುದು.

ತೂಗುವಾಗ ಒಂದೊಂದು ಆಕ್ಸಲ್‌ (ಚಕ್ರಗಳ ಅಚ್ಚು) ಅನ್ನೂ ಬೇರೆಬೇರೆಯಾಗಿ ತೂಗಿ. ಸಮತೋಲನ ಬಿಂದು ಕಂಡುಹಿಡಿಯಲು ಅದು ಬೇಕೇಬೇಕು. ಗಾಡಿಯ ಮುಂಭಾಗದ ತುದಿಯಿಂದ ಪ್ರತಿ ಆಕ್ಸಲ್‌ಗೆ ಎಷ್ಟು ದೂರವೆಂದು ಅಳೆದು, ಆಕ್ಸಲ್ ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ. ಮುಂದಿನ ಆಕ್ಸಲ್ 40 ಇಂಚು ದೂರದಲ್ಲಿ 4,000 ಪೌಂಡ್, ಹಿಂದಿನದು 170 ಇಂಚು ದೂರದಲ್ಲಿ 6,000 ಪೌಂಡ್ ಎನ್ನಿ: 1,60,000ಕ್ಕೆ 10,20,000 ಕೂಡಿಸಿ 10,000ದಿಂದ ಭಾಗಿಸಿದರೆ 118 ಇಂಚು. ಅಲ್ಲಿ ಎರಡೂ ಬದಿಗೆ ಟೇಪಿನಿಂದ ಗುರುತು ಹಾಕಿ. ರ್‍ಯಾಂಪ್ ಮೇಲೆ ಓಡಿಸಿಕೊಂಡೇ ಹತ್ತಿಸುವ ಹಡಗಾದರೆ ಇದೇಕೆ ಅನ್ನಿಸಬಹುದು. ಆದರೆ ಕೊನೆಗಳಿಗೆಯಲ್ಲಿ ಹಡಗು ಬದಲಾಗಿ ಕ್ರೇನಿನಿಂದ ಎತ್ತಬೇಕಾಗಿ ಬಂದರೆ, ಕೊಕ್ಕೆ ಈ ಬಿಂದುವಿನ ನೇರಕ್ಕಿಲ್ಲದ ಗಾಡಿ ಗಾಳಿಯಲ್ಲೇ ಮೂತಿ ತಗ್ಗಿಸುತ್ತದೆ. ಗುರುತು ಹಾಕಿದ ಮೇಲೆ ಮತ್ತೆ ಸಾಮಾನು ತುರುಕಿದರೆ ಲೆಕ್ಕವೆಲ್ಲ ಹೊಸದಾಗಿ ಮಾಡಬೇಕು.

ಇನ್ನು ಲೇಬಲ್. ಅದರಲ್ಲಿರುವ 17 ಅಕ್ಷರ-ಅಂಕಿಗಳ ಸಾಗಣೆ ಸಂಖ್ಯೆಯೇ ಗಾಡಿಯ ಗುರುತು. ಪಟ್ಟಿಯಲ್ಲಿರುವುದಕ್ಕೆ ಅದು ಅಕ್ಷರಶಃ ಹೊಂದಬೇಕು. ಮುಂದಿನ ಬಂಪರಿಗೊಂದು, ಚಾಲಕನ ಬಾಗಿಲಿಗೊಂದು ಅಂಟಿಸಿ. ಧೂಳು, ಗ್ರೀಸಿನ ಮೇಲೆ ಅಂಟಿಸಿದ್ದು ಮೊದಲ ಮಳೆಗೇ ಉದುರುತ್ತದೆ, ಮೊದಲು ಒರೆಸಿ.

ಇಂಧನ ಸಾಮಾನ್ಯವಾಗಿ ಕಾಲು ಟ್ಯಾಂಕ್ ಮೀರಬಾರದು. ಪೂರ್ತಿ ಬರಿದಾದರೂ ಕಷ್ಟ, ರ್‍ಯಾಂಪ್ ಹತ್ತಿ ಇಳಿಯಬೇಕಲ್ಲ. ಹಡಗಿನ ಪ್ರಕಾರಕ್ಕೆ ಈ ಮಿತಿ ಬದಲಾಗಬಹುದು, ಬಂದರಿನ ಸೂಚನೆಯನ್ನೇ ನಂಬಿ. ಬಣ್ಣ, ಗ್ಯಾಸ್ ಸಿಲಿಂಡರ್, ಬಿಡಿ ಬ್ಯಾಟರಿಯಂಥ ಅಪಾಯಕಾರಿ ವಸ್ತು ಇದ್ದರೆ ಘೋಷಣಾ ಪತ್ರ ಬೇಕು. ಟೂಲ್‌ಬಾಕ್ಸಿನಲ್ಲಿ ಮರೆತ ಒಂದು ಡಬ್ಬಿ ಬಣ್ಣಕ್ಕೂ ಗಾಡಿ ಪಕ್ಕಕ್ಕೆ ಸರಿಯುತ್ತದೆ.

ಇನ್ನೆರಡು ಸಣ್ಣ ವಿಷಯ ಜನರ ಪ್ರಾಣ ಹಿಂಡುತ್ತವೆ. ಸ್ಟೀರಿಂಗಿಗೆ ಸರಪಳಿ ಸುತ್ತಿ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಹೋದರೆ ಬಂದರಿನ ಚಾಲಕ ಏನು ಮಾಡಬೇಕು? ಬೀಗ ತೆಗೆದೇ ಬಿಡಿ. ಮತ್ತೊಂದು, ಶ್ಯಾಕಲ್, ಅಂದರೆ ಗಾಡಿಗೆ ಸಿಕ್ಕಿಸಿದ ಲೋಹದ ಕೊಂಡಿ. ಡೆಕ್ಕಿಗೆ ಗಾಡಿಯನ್ನು ಸರಪಳಿಯಿಂದ ಬಿಗಿಯುವುದು ಇವುಗಳ ಮೂಲಕ. ನಾಲ್ಕರಲ್ಲಿ ಎರಡು ಕಳೆದುಹೋಗಿದ್ದರೆ ಬಿಗಿಯುವವರು ಆಕ್ಸಲ್‌ಗೋ ಬಂಪರಿಗೋ ಸರಪಳಿ ಹಾಕುತ್ತಾರೆ; ಅಲೆಗೆ ಹಡಗು ವಾಲಿದಾಗ ಬಾಗುವುದು ಆ ಭಾಗ. ಸುಮಾರು 290 ಮೀಟರ್ ಉದ್ದದ ದೊಡ್ಡ ಸೇನಾ ಹಡಗಿನ ಒಳಡೆಕ್ಕಿನಲ್ಲಿ ಒಂದು ಟ್ರಕ್ಕು ಸಡಿಲವಾದರೆ ಅಕ್ಕಪಕ್ಕದ್ದನ್ನೂ ಜಜ್ಜುತ್ತದೆ.

ವಾಪಸು ಬರುವಾಗ ಪರೀಕ್ಷೆ ಕಸ್ಟಮ್ಸ್ ಮತ್ತು ಕೃಷಿ ಇಲಾಖೆಯ ನಿಯಮಗಳದು: ಹೊರದೇಶದ ಮಣ್ಣು, ಬೀಜ, ಹುಳು ಅಮೆರಿಕಕ್ಕೆ ಬರಕೂಡದು. ಒತ್ತಡದ ನೀರಿನಲ್ಲಿ ತೊಳೆಯಿರಿ. ಮೇಲ್ಮೈ ಹೊಳೆದರೆ ಸಾಲದು. ಬ್ಯಾಟರಿ ಪೆಟ್ಟಿಗೆಯ ತಳ, ರೇಡಿಯೇಟರಿನ ಸಂದು, ಬಿಡಿ ಚಕ್ರದ ಹಿಂಬದಿ, ಟ್ಯಾಂಕಿನ ಪಟ್ಟಾಗಳ ನಡುವೆ ಬೆರಳಾಡಿಸಿ ನೋಡಿ, ಮಣ್ಣು ಅಲ್ಲೇ ಕೂತಿರುತ್ತದೆ. ಪಾಸಾದ ಗಾಡಿಯನ್ನು ಬೇಲಿ ಹಾಕಿದ ಗಟ್ಟಿ ನೆಲದಲ್ಲೇ ನಿಲ್ಲಿಸಿ. ಕಚ್ಚಾ ರಸ್ತೆಗೆ ಒಮ್ಮೆ ಇಳಿದರೂ ಮತ್ತೆ ತೊಳೆಯುವ ಸಾಲಿನ ಕೊನೆಗೆ ಹೋಗಬೇಕು.