ಹಳೆಯ ಡೀಸೆಲ್ ಪಿಕಪ್ಪಿನ ಅದುರು: ಕ್ಲಚ್ಚೋ, ಹಿಂದಿನ ಸ್ಪ್ರಿಂಗೋ?

ಮಂಡ್ಯದ ಆಲೆಮನೆಯಿಂದ ಬೆಲ್ಲ ಹೇರಿಕೊಂಡು ಹೊರಡುವ ಹಳೆಯ ಪಿಕಪ್ ಮೊದಲ ಗೇರಿನಲ್ಲಿ ಗಡಗಡ ಅದುರಿದರೆ, ಕ್ಲಚ್ ಪ್ಲೇಟಿಗೆ ದುಡ್ಡು ಸುರಿಯುವ ಮೊದಲು ಅದುರು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ಪತ್ತೆಹಚ್ಚಬೇಕು. ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಹೊರಡಿಸಿ. ಪೆಡಲನ್ನು ಅರ್ಧ ಬಿಟ್ಟಾಗ ಅದುರಿ, ಪೂರ್ತಿ ಬಿಟ್ಟೊಡನೆ ನಿಂತರೆ ಕ್ಲಚ್ಚನ್ನು ಶಂಕಿಸಬಹುದಾದರೂ, ಎಂಜಿನ್ ಕೂತಿರುವ ಮೌಂಟಿಂಗಿನ ರಬ್ಬರ್ ಹರಿದಾಗಲೂ ಇದೇ ಲಕ್ಷಣ ಕಾಣುವುದರಿಂದ ಅದನ್ನೇ ಮೊದಲು ನೋಡುವುದು ಲೇಸು. ಪ್ಲೇಟಿಗೆ ಎಣ್ಣೆ ತಾಗಿದ್ದರೆ ಸೋರುವ ಸೀಲನ್ನೂ ಬದಲಿಸಲೇಬೇಕು.

ಹೊರೆಯಿದ್ದಾಗ ಮಾತ್ರ, ಅದೂ ಸೀಟಿನ ಹಿಂಬದಿಯಿಂದ ಅದುರು ಬಂದರೆ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಗಾಡಿಯ ಅಡಿಗೆ ಇಳಿಯಿರಿ. ಲೀಫ್ ಸ್ಪ್ರಿಂಗನ್ನು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳನ್ನು) ಹಿಂದಿನ ಆಕ್ಸಲಿಗೆ ಬಿಗಿದಿರುವ ಯು-ಬೋಲ್ಟಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿಯೂ ಅದರ ಪಕ್ಕದಲ್ಲೇ ಉಜ್ಜಿ ಹೊಳೆಯುವ ಕಬ್ಬಿಣವೂ ಕಂಡರೆ ಬೋಲ್ಟು ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದಾಗಿದ್ದರೆ, ನಡುವಿನ ಬೇರಿಂಗನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ, ಸಡಿಲವಾಗಿದೆಯೇ ಎಂದು ನೋಡಿ.