ಆಪರೇಷನ್‌ಗೆ ಮುಂಚೆ ಒಂದು ಲೋಟ ನೀರು: ವಾರ್ಡಿನ ಹಳೇ ರೂಢಿ ಬದಲಿಸುವುದು ಹೇಗೆ?

ಹರ್ನಿಯಾ ಆಪರೇಷನ್‌ಗೆ ಬಂದಿದ್ದ ಅಜ್ಜ, ಕಾಫಿ ತೋಟದ ಲೈನ್ ಮನೆಯವರು. ‘ಇನ್ನು ಒಂದು ಹನಿ ನೀರೂ ಕುಡಿಯಬಾರದು’ ಅಂತ ರಾತ್ರಿ ಹತ್ತಕ್ಕೆ ಡ್ಯೂಟಿ ನರ್ಸ್ ಆಗಿದ್ದ ನಾನೇ ಹೇಳಿದ್ದೆ. ಮರುದಿನ ಥಿಯೇಟರ್‌ ಲಿಸ್ಟ್ (ಆ ದಿನದ ಆಪರೇಷನ್‌ಗಳ ಸರದಿ ಪಟ್ಟಿ) ತಡವಾಯಿತು. ಮಧ್ಯಾಹ್ನ ಒಂದಾದರೂ ಅವರ ಸರದಿ ಬರಲಿಲ್ಲ. ‘ಬಾಯಿ ಒಣಗಿದೆ, ಒಂದು ಗುಟುಕು ಕೊಡಮ್ಮ’ ಅಂತ ಮೂರು ಸಲ ಕೇಳಿದರು. ಮೂರು ಸಲವೂ ಆಗಲ್ಲ ಅಂದೆ. ಕೊಡಗಿನ ಆ ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು.

ನೀರು ಕೊಡಬಹುದಿತ್ತು ಅನ್ನೋದು ಆಮೇಲೆ ಓದಿ ಗೊತ್ತಾಯಿತು. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 1999ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿತ್ತು. ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್ ಆಗಿದ್ದು, ಬೇರೆ ತೊಂದರೆ ಇಲ್ಲದಿದ್ದರೆ, ಅರಿವಳಿಕೆಗೆ 2 ಗಂಟೆ ಮುಂಚಿನವರೆಗೂ ತಿಳಿಯಾದ ದ್ರವ ಕುಡಿಯಬಹುದು. ಹಾಲು, ಹಗುರ ತಿಂಡಿ ಆದರೆ 6 ಗಂಟೆ ಬಿಡಬೇಕು. ಹಾಲು ಹಾಕದ ಕಪ್ಪು ಕಾಫಿಯೂ ನೀರಿನ ಲೆಕ್ಕಕ್ಕೇ ಬರುತ್ತದೆ. ಗಂಜಿ ಬರುವುದಿಲ್ಲ.

ಹೀಗೆ ಸಂಶೋಧನೆ ಏನು ಹೇಳುತ್ತದೆ ಅಂತ ನೋಡಿ, ನಮ್ಮ ಅನುಭವ, ರೋಗಿಯ ಇಷ್ಟ ಎರಡನ್ನೂ ಜೊತೆಗಿಟ್ಟು ಆರೈಕೆ ಮಾಡುವುದೇ ಪುರಾವೆ ಆಧಾರಿತ ನರ್ಸಿಂಗ್. ಕಾಲೇಜಿನಲ್ಲಿ ಎಲ್ಲರೂ ಓದಿರುತ್ತೇವೆ. ವಾರ್ಡಿಗೆ ಬಂದ ಮೇಲೆ ಯಾಕೆ ಆಗುವುದಿಲ್ಲ? 1991ರಲ್ಲಿ ಅಮೆರಿಕದ ಸಂಶೋಧಕರು ನರ್ಸ್‌ಗಳನ್ನೇ ಕೇಳಿದ್ದರು. ಮುಖ್ಯವಾಗಿ ಬಂದ ಉತ್ತರ ಎರಡು: ಬದಲಾಯಿಸುವ ಅಧಿಕಾರ ನಮಗಿಲ್ಲ, ಡ್ಯೂಟಿಯಲ್ಲಿ ಸಮಯ ಇಲ್ಲ. ನಮ್ಮ ಮಡಿಕೇರಿ, ವಿರಾಜಪೇಟೆಯ ಸಿಸ್ಟರ್‌ಗಳನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅಲ್ವಾ? ಈ ಅಡ್ಡಿಗಳ ನಡುವೆಯೇ ಮಾಡಬಹುದಾದ ಆರು ಕೆಲಸ ಇಲ್ಲಿವೆ.

1. ಒಂದೇ ಒಂದು ಪ್ರಶ್ನೆ ಹಿಡಿಯಿರಿ

ಇಡೀ ಆಸ್ಪತ್ರೆ ಸರಿ ಮಾಡಲು ಹೋಗಬೇಡಿ. ಯಾವ ರೋಗಿ, ಈಗ ಏನು ಮಾಡುತ್ತಿದ್ದೇವೆ, ಬದಲಿಗೆ ಏನು ಮಾಡಬಹುದು, ಅದರಿಂದ ಏನಾಗಬೇಕು — ಈ ನಾಲ್ಕು ಒಂದು ವಾಕ್ಯದಲ್ಲಿ ಬರಲಿ.

2. ಮಳೆಗೆ ಮುಂಚೆ ಹುಡುಕಿ

ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ವೆಬ್‌ಸೈಟ್ ಪಬ್‌ಮೆಡ್ ಉಚಿತ. ಸಾರಾಂಶ ಓದಿದರೆ ಶುರುವಿಗೆ ಸಾಕು. ಇಂಗ್ಲಿಷ್ ಕಷ್ಟವಾದರೆ ಇಬ್ಬರು ಕೂತು ಓದಿ. ಜೂನ್ ಬಂತೆಂದರೆ ಇಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಸಿಕ್ಕಿದ್ದನ್ನು ಪ್ರಿಂಟ್ ತೆಗೆದು ಹ್ಯಾಂಡೋವರ್ ಪುಸ್ತಕದೊಳಗೆ (ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ ಬರೆದು ಒಪ್ಪಿಸುವ ಪುಸ್ತಕ) ಇಡಿ.

3. ಹಳೇ ನಿಯಮ ಯಾಕೆ ಬಂತು, ತಿಳಿದುಕೊಳ್ಳಿ

ಇದನ್ನು ಬಿಟ್ಟರೆ ಹಿರಿಯರ ಮುಂದೆ ಮಾತು ನಿಲ್ಲುವುದಿಲ್ಲ. 1946ರಲ್ಲಿ ಮೆಂಡೆಲ್ಸನ್ ಎಂಬ ವೈದ್ಯರು, ಹೆರಿಗೆ ವೇಳೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದ ಪ್ರಕರಣಗಳನ್ನು ಬರೆದರು. ಆ ಭಯ ನಿಜವಾದದ್ದೇ. ಈಗಲೂ ತುರ್ತು ಆಪರೇಷನ್, ಹೆರಿಗೆ ನೋವು, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಸಕ್ಕರೆ ಕಾಯಿಲೆಯವರು — ಇವರ ವಿಷಯ ಬೇರೆ, ಅರಿವಳಿಕೆ ವೈದ್ಯರು ಹೇಳಿದಂತೆಯೇ ನಡೆಯಬೇಕು. ಉಳಿದವರ ಹೊಟ್ಟೆಯಿಂದ ನೀರು ಬೇಗ ಇಳಿದುಹೋಗುತ್ತದೆ ಅನ್ನೋದು ಆಮೇಲೆ ಗೊತ್ತಾದ ಸಂಗತಿ.

4. ನಿಮ್ಮ ವಾರ್ಡಿನ ಲೆಕ್ಕ ಬರೆಯಿರಿ

ಕೊನೆಯ ಸಲ ನೀರು ಕುಡಿದದ್ದು ಎಷ್ಟು ಗಂಟೆಗೆ, ಥಿಯೇಟರ್ ಒಳಗೆ ಹೋದದ್ದು ಎಷ್ಟು ಗಂಟೆಗೆ. ಎರಡೇ ಕಾಲಂ, ಹತ್ತು ರೋಗಿಗಳು. ಒಬ್ಬರಿಗೆ ಅರ್ಧ ನಿಮಿಷ ಸಾಕು. ಸಮಯ ಇಲ್ಲ ಅನ್ನೋ ಅಡ್ಡಿಗೆ ನನಗೆ ಗೊತ್ತಿರುವ ಮದ್ದು ಇದೊಂದೇ: ಕೆಲಸವನ್ನು ಅಷ್ಟು ಚಿಕ್ಕದು ಮಾಡಿಕೊಳ್ಳುವುದು.

5. ಮಾತಾಡುವ ಹೊತ್ತು ನೋಡಿ ಮಾತಾಡಿ

ಎಲ್ಲಕ್ಕಿಂತ ಕಷ್ಟ ಇದು. ರೌಂಡ್ಸ್ ಮಧ್ಯೆ, ರೋಗಿಯ ಎದುರು ಎತ್ತಬೇಡಿ. ಮೊದಲು ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ತೋರಿಸಿ. ಅವರನ್ನು ದಾಟಿ ಹೋದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ, ಹೋಗಲೂಬಾರದು. ಲಿಸ್ಟ್ ಮುಗಿದ ಮೇಲೆ ಅವರ ಜೊತೆಗೇ ಅರಿವಳಿಕೆ ವೈದ್ಯರ ಹತ್ತಿರ ಹೋಗಿ. ‘ಡಾಕ್ಟ್ರೇ, ಈ ಹತ್ತು ಜನರಲ್ಲಿ ಎಷ್ಟು ಮಂದಿ ಹನ್ನೆರಡು ಗಂಟೆ ದಾಟಿ ಬಾಯಾರಿಕೊಂಡು ಕೂತಿದ್ದರು, ನೋಡಿ. ಮಾರ್ಗಸೂಚಿ ಎರಡು ಗಂಟೆ ಅನ್ನುತ್ತದೆ. ಇವರಲ್ಲಿ ಯಾರಿಗೆ ಕೊಡಬಹುದು ಅಂತ ನೀವೇ ಗುರುತು ಹಾಕಿಕೊಡ್ತೀರಾ?’ ಹೀಗೆ ಕೇಳಿದರೆ ತೀರ್ಮಾನ ಅವರದೇ ಆಗಿರುತ್ತದೆ, ಕೇಳಿದವರು ನೀವಾಗಿರುತ್ತೀರಿ. ಆಗಲ್ಲ ಅಂದರೆ ಕಾರಣ ಕೇಳಿ ಬರೆದುಕೊಳ್ಳಿ. ಅದೇ ಮುಂದಿನ ಪ್ರಶ್ನೆ.

ಅಧಿಕಾರ ಇಲ್ಲ ಅಂತ ನಾನೂ ವರ್ಷಗಟ್ಟಲೆ ಸುಮ್ನೆ ಇದ್ದೆ. ಕೇಳುವುದಕ್ಕೆ ಅಧಿಕಾರ ಬೇಕಿರಲಿಲ್ಲ.

6. ರೋಗಿಯ ಮಾತಿನಲ್ಲೇ ಹೇಳಿ

ನಮ್ಮ ವಾರ್ಡುಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವರ ಮಾತು ಎಲ್ಲ ಕೇಳಿಸುತ್ತದೆ. ‘ಎರಡು ಗಂಟೆ ಮುಂಚೆ’ ಅಂದರೆ ಯಾರಿಗೂ ಹೊಳೆಯಲ್ಲ. ಎಂಟಕ್ಕೆ ಅರಿವಳಿಕೆ ಇದ್ದರೆ ‘ಬೆಳಿಗ್ಗೆ ಆರರವರೆಗೆ ನೀರು, ಕಪ್ಪು ಕಾಫಿ. ಹಾಲು ಬೇಡ’ ಅಂತ ಗಂಟೆ ಹಿಡಿದು ಹೇಳಿ. ಕೇಳಿದ್ದನ್ನು ರೋಗಿಯ ಬಾಯಿಂದಲೇ ಇನ್ನೊಮ್ಮೆ ಹೇಳಿಸಿ.

ಒಂದು ತಿಂಗಳ ನಂತರ ಮತ್ತೆ ಹತ್ತು ಜನರ ಲೆಕ್ಕ ಬರೆಯಿರಿ. ನೀರಿಲ್ಲದೆ ಕಾಯುವ ಗಂಟೆ ಕಡಿಮೆಯಾಗಿಲ್ಲ ಅಂದರೆ ಹೆಚ್ಚಾಗಿ ಲಿಸ್ಟ್ ಹಿಂದೆ ಮುಂದೆ ಆದದ್ದು ವಾರ್ಡಿಗೆ ಗೊತ್ತಾಗಿರುವುದಿಲ್ಲ. ಥಿಯೇಟರಿನಿಂದ ಯಾರು ಫೋನ್ ಮಾಡಬೇಕು, ವಾರ್ಡಿನಲ್ಲಿ ಯಾರು ಎತ್ತಿಕೊಳ್ಳಬೇಕು, ವೈದ್ಯರನ್ನು ಕೇಳಿ ನೀರು ಕೊಡುವವರು ಯಾರು — ಮೂವರ ಹೆಸರನ್ನೂ ಆ ದಿನದ ಪುಟದ ಮೇಲೆ ಬರೆದಿಡಿ.