ಘಟ್ಟ ಇಳಿದು ಗಾಳ ಹಾಕುವ ಮುನ್ನ

ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಕೆಲವರಿಗೆ ಒಂದು ಹುಚ್ಚು. ಶಿರಸಿ ಕಡೆಯಿಂದ ಚೀಲ ಹೊತ್ತು ಘಟ್ಟ ಇಳಿಯುವುದು, ಮಾರನೇ ದಿನ ಕುಮಟಾ ಸೀಮೆಯ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಗಾಳ ಹಾಕಿ ಕೂರುವುದು. ಹಿಮಾಲಯದಲ್ಲಿ ಟ್ರೌಟ್ ಮೀನಿಗಾಗಿ ಬೆಟ್ಟ ಹತ್ತುತ್ತಾರೆ. ಅದಕ್ಕೆ ತಣ್ಣನೆ ನೀರೇ ಬೇಕು, ನಮ್ಮ ಹೊಳೆಯಲ್ಲಿ ಬದುಕುವುದಿಲ್ಲ. ನಾವು ಮೀನಿಗಾಗಿ ಬೆಟ್ಟ ಇಳಿಯುವವರು.

ಒಮ್ಮೆ ಮೊಬೈಲ್ ನಕ್ಷೆಯ ನೀಲಿ ಗೆರೆ ನಂಬಿ ಒಂದೇ ಲೀಟರ್ ನೀರು ಹಿಡಿದು ಹೊರಟಿದ್ದೆ. ಹಳ್ಳವೇನೋ ಸಿಕ್ಕಿತು. ಒಳಗಿದ್ದದ್ದು ಬೋಳು ಕಲ್ಲು, ದರಕು (ಒಣ ಎಲೆ), ಒಂದು ಒಣಗಿದ ಏಡಿಚಿಪ್ಪು. ಆಮೇಲಿಂದ ಹೊರಡುವ ವಾರ ಮೊದಲೇ ಕೆಲವು ವಿಚಾರಿಸಿಕೊಳ್ಳುತ್ತೇನೆ.

ಮೊದಲು ನೀರು

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ತೆಗೆಯಿರಿ. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ವರ್ಷವಿಡೀ ನೀರಿರುವ ಹೊಳೆಗೆ ನೀಲಿ ಬಣ್ಣ, ಮಳೆಗಾಲ ಮುಗಿದ ಮೇಲೆ ಒಣಗುವ ಹಳ್ಳಕ್ಕೆ ಕಪ್ಪು. ಮೊಬೈಲ್ ನಕ್ಷೆಯಲ್ಲಿ ಈ ಭೇದ ಸಾಮಾನ್ಯವಾಗಿ ಇರುವುದಿಲ್ಲ. ಹಾಗಂತ ಕಾಗದದ ನೀಲಿಯನ್ನೂ ಪೂರ್ತಿ ನಂಬಬೇಡಿ. ನಕ್ಷೆ ಹಳೆಯದು, ಬೇಸಿಗೆ ಈ ವರ್ಷದ್ದು.

ಹಾಗಾಗಿ ದಾರಿಯ ಊರಿನವರಿಗೆ ಒಂದು ಫೋನ್ ಮಾಡಿ. ‘ದಾರಿ ಹೇಗಿದೆ’ ಎಂದು ಮಾತ್ರ ಕೇಳಬೇಡಿ, ‘ಚಲೋ ಇದೆ, ಬನ್ನಿ’ ಎಂದೇ ಉತ್ತರ ಬರುತ್ತದೆ. ನಾನು ಕೇಳುವುದು ಎರಡೇ. ಆ ದಾರಿಯಲ್ಲಿ ಕೊನೇ ಸಲ ನಡೆದವರು ಯಾರು, ಯಾವಾಗ? ದನ ಈಗ ಎಲ್ಲಿ ನೀರು ಕುಡಿಯುತ್ತವೆ? ಹೋದ ವರ್ಷ ಶಿರಸಿಯ ಸ್ನೇಹಿತನಿಗೆ ಹೊಳೆಯ ಬಗ್ಗೆ ಕೇಳಿದ್ದಕ್ಕೆ, ‘ಹೊಂಡದಲ್ಲಿ ಇದೆ ಮಾರಾಯ, ಹರಿಯೋದು ನಿಂತು ಹದಿನೈದು ದಿನ ಆಯ್ತು’ ಎಂದ. ಅಷ್ಟು ಸಾಕು. ನಿಂತ ನೀರಾದರೆ ಕುದಿಸಿಯೇ ಕುಡಿಯಬೇಕು. ಕುದಿಸುವ ಕೆಲಸ ಊರೊಳಗೆ ಮುಗಿಸಿ, ಬೇಸಿಗೆಯ ಕಾಡಿನಲ್ಲಿ ಒಲೆ ಹಚ್ಚುವ ಮಾತೇ ಬೇಡ. ಒಬ್ಬರಿಗೆ ನಾಲ್ಕು ಲೀಟರ್ ಎಂಬುದು ನನ್ನ ಲೆಕ್ಕ. ಭಾರ ಜಾಸ್ತಿ, ಗೊತ್ತು.

ಬೆಂಕಿ ಮತ್ತು ಅನುಮತಿ

ಕಾಡಿಗೆ ಬೆಂಕಿ ಬೀಳುವ ದಿನಗಳಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ನೋಡಿ, ಜೊತೆಗೆ ಆ ಭಾಗದ ವಲಯ ಅರಣ್ಯ ಕಚೇರಿಗೂ ಕೇಳಿ. ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಉಪಗ್ರಹ ಕಂಡ ಬೆಂಕಿ ಕೆಂಪು ಚುಕ್ಕೆಯಾಗಿ ಬರುತ್ತದೆ. ಒಂದು ಚುಕ್ಕೆ ಸುಮಾರು 375 ಮೀಟರ್ ಅಗಲದ ಜಾಗ. ಯಾರೋ ಬೇಣದಲ್ಲಿ (ಹುಲ್ಲುಗಾವಲಲ್ಲಿ) ಕಸ ಸುಟ್ಟಿದ್ದೂ ಆಗಿರಬಹುದು. ದಿನದಿನಕ್ಕೆ ಚುಕ್ಕೆ ಸರಿಯುತ್ತಾ ಬಂದರೆ ಅದು ಹರಡುತ್ತಿರುವ ಬೆಂಕಿ. ಆಗ ಹೋಗಬೇಡಿ.

ಗಾಳದ ವಿಷಯಕ್ಕೂ ವಲಯ ಅರಣ್ಯ ಕಚೇರಿಯಲ್ಲೇ ಕೇಳಿಕೊಳ್ಳಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ‘ಒಂದೇ ಮೀನು ಸಾರ್’ ಎಂದರೆ ನಡೆಯುವುದಿಲ್ಲ.

ಉಣುಗು

ಇದನ್ನು ಜನ ಮರೆಯುತ್ತಾರೆ, ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಇದೇ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪಕ್ಕದ ಸಿದ್ದಾಪುರ ತಾಲ್ಲೂಕಿಗೆ ಇದು ಹೊಸದಲ್ಲ. ಹರಡುವುದು ರಕ್ತ ಹೀರುವ ಉಣುಗಿನಿಂದ (ಉಣ್ಣೆಯಿಂದ), ಜಾಸ್ತಿಯಾಗುವುದು ಡಿಸೆಂಬರ್‌ನಿಂದ ಮೇ ತನಕ. ಅಂದರೆ ನಾವು ಚೀಲ ಕಟ್ಟುವ ಹೊತ್ತಿಗೇ!

ದಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಈಚೆಗೆ ಮಂಗ ಸತ್ತಿದೆಯಾ, ಜ್ವರದ ಪ್ರಕರಣ ಇದೆಯಾ ಎಂದು ಕೇಳಿ. ಹೌದು ಎಂದರೆ ದಾರಿ ಬದಲಿಸಿ. ಇಲ್ಲ ಎಂದರೂ ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತುರುಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕೂರಬೇಡಿ, ಬಂಡೆ ಹುಡುಕಿ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಂಕುಳು, ತೊಡೆಸಂದು, ಕಿವಿಯ ಹಿಂದೆಲ್ಲ ಬೆರಳಾಡಿಸಿ ನೋಡಬೇಕು. ಮನೆಗೆ ಬಂದು ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ವಾರ ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಎಂದು ಮೊದಲೇ ಹೇಳಿ.

ಆಕಾಶ

ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ತಿಂಗಳುಗಳಿವು. ಸಿಡಿಲಿನ ಎಚ್ಚರಿಕೆ ಕೊಡುವ ‘ಸಿಡಿಲು’ ಅಥವಾ ‘ದಾಮಿನಿ’ ಆ್ಯಪ್ ಹಾಕಿಕೊಳ್ಳಿ. ಆದರೆ ಘಟ್ಟದ ಮಧ್ಯೆ ಟವರ್ ಸಿಗುವುದು ಕಷ್ಟ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ಕೆಳಗಿರುವುದೇ ಚಲೋ.

ಕೊನೆಗೆ ಗಾಳ

ಅಳಿವೆಯಲ್ಲಿ ಉಬ್ಬರ ಇಳಿತ ನೋಡದೆ ಕೂತರೆ ಸುಮ್ನೆ ಎರೆಹುಳ ದಂಡ. ನೀರು ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ಉಬ್ಬರದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಜಾಸ್ತಿ ತಡವಾಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಉಬ್ಬರದ ಹೊತ್ತನ್ನೂ ದೊಡ್ಡ ಅಲೆಯ ಎಚ್ಚರಿಕೆಯನ್ನೂ ಕೊಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜಾಸ್ತಿ. ಇಳಿತದಲ್ಲಿ ದಾಟಿ ಹೋದ ಮರಳು ದಿಬ್ಬ ಉಬ್ಬರದಲ್ಲಿ ನಡುಗಡ್ಡೆಯಾಗಿಬಿಡುತ್ತದೆ. ನೀರು ಏರಲು ಶುರುವಾದ ಮೊದಲೆರಡು ಗಂಟೆ ನನಗೆ ಕಾಣೆ ಮೀನು ಕೊಟ್ಟಿದೆ, ಎಷ್ಟೋ ಸಲ ಕೊಡದೆಯೂ ಕಳಿಸಿದೆ.

ಅಘನಾಶಿನಿಗೆ ಅಣೆಕಟ್ಟಿಲ್ಲ, ಅದೊಂದು ನೆಮ್ಮದಿ. ಕಾಳಿ ಹೊಳೆಯಲ್ಲಿ ಗಾಳ ಹಾಕುವವರು ಮಾತ್ರ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಹೊತ್ತನ್ನು ಹತ್ತಿರದವರಲ್ಲಿ ಕೇಳಿಯೇ ಹೊಳೆಗೆ ಇಳಿಯಬೇಕು. ವಿದ್ಯುತ್ ಉತ್ಪಾದನೆ ಶುರುವಾದರೆ ಒಂದು ಹನಿ ಮಳೆ ಇಲ್ಲದೆಯೂ ನೀರು ಏರುತ್ತದೆ.

ಹೊರಡುವ ಹಿಂದಿನ ಸಂಜೆ ಮತ್ತೆ ಆ ಸ್ನೇಹಿತನಿಗೆ ಫೋನ್ ಮಾಡುತ್ತೇನೆ. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ಕೆಳಗೆ ಮುಟ್ಟುತ್ತೇವೆ ಎಂದು ಬರೆಸುತ್ತೇನೆ. ಅವನು ಮೀನು ಮುಟ್ಟುವವನಲ್ಲ. ‘ಎಂಟು ಗಂಟೆಗೆ ಫೋನ್ ಬರದಿದ್ರೆ ಜನ ಕಳಿಸ್ತೆ, ಮೀನಿನ ಕಥೆ ಮಾತ್ರ ನಂಗೆ ಬೇಡ’ ಎನ್ನುತ್ತಾನೆ.